ಫ್ಲಾಪಿಗೆ ಹಚ್ಚಿದ ಅರಿಶಿಣ

ಮೊನ್ನೆ ಅಕ್ಕ ತನ್ನ ಫೋನನ್ನು ನನ್ನ ಮುಂದೆ ಹಿಡಿದು, ಇದರಲ್ಲಿರೋ ಫೋಟೋಗಳನ್ನೆಲ್ಲ ನಿನ್ನ ಕಂಪ್ಯೂಟರಿಗೆ ಹಾಕಿಡು ಎಂದಳು. ನನ್ನ ಕಂಪ್ಯೂಟರೆಂದರೆ ಅಂಗೈಯಗಲದ ಪುಟ್ಟ ಡಬ್ಬಿ. ಹಳೆಯ ಟಿ.ವಿ.ಗೆ ಸಿಕ್ಕಿಸಿಕೊಂಡು ಅದರಲ್ಲೇ ಬರೆಯುತ್ತೇನೆ. ವೈರು ಚುಚ್ಚಿದೆ, ಫೋನು ಒಪ್ಪಿಗೆ ಕೇಳಿತು, ಒತ್ತಿದೆ. ಕಾಫಿ ಆರುವಷ್ಟರಲ್ಲಿ ಎಲ್ಲ ಬಂದುಬಿಟ್ಟವು. ಅಕ್ಕ ಮಾತ್ರ ಪರದೆಯನ್ನು ಅನುಮಾನದಿಂದ ನೋಡಿ, "ಒದ್ದೆ ಕೈಯಲ್ಲಿ ಮುಟ್ಲಿಲ್ಲ ತಾನೆ?" ಎಂದಳು. ಇಬ್ಬರೂ ನಕ್ಕೆವು. ಈ ಮಾತಿನ ಹಿಂದಿರುವ ಕತೆ ಗೊತ್ತಿರುವವರು ಈಗ ನಾವಿಬ್ಬರೇ.

ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಪಾಂಡವಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪು ಮಾಡುತ್ತಿದ್ದೆ. ನಮ್ಮೂರು ಬೂಕನಕೆರೆಯ ಪಕ್ಕದ್ದು. ಬೆಳಿಗ್ಗೆ ಬಸ್ಸು ಹತ್ತಿದರೆ ಕಬ್ಬಿನ ಗಾಡಿಗಳ ಹಿಂದೆ ತೆವಳಿಕೊಂಡು ಪಾಂಡವಪುರ ಸೇರುತ್ತಿದ್ದೆ. ಅಂಗಡಿಯಲ್ಲಿ ಕಂಪ್ಯೂಟರ್ ಇತ್ತು, ಒಳ್ಳೆಯ ಪ್ರಿಂಟರ್ ಇರಲಿಲ್ಲ. ಇದ್ದದ್ದು ಕರ್ರೋ ಎಂದು ಕಿರುಚುತ್ತ ಚುಕ್ಕಿ ಚುಕ್ಕಿಯಾಗಿ ಹೊಡೆಯುವ ಒಂದು ಯಂತ್ರ. ಕರಡು ತೆಗೆಯಲಿಕ್ಕೆ ಸಾಕು, ಅಷ್ಟೇ. ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಅಂದವಾಗಿ ಅಚ್ಚಾಗಬೇಕಾದದ್ದೆಲ್ಲ ಶ್ರೀರಂಗಪಟ್ಟಣದ ಪ್ರೆಸ್ಸಿಗೆ ಹೋಗಬೇಕು. ಎರಡು ಊರಿನ ಎರಡು ಕಂಪ್ಯೂಟರುಗಳ ನಡುವೆ ಯಾವ ತಂತಿಯೂ ಇರಲಿಲ್ಲ. ನಾನಿದ್ದೆ. ಫೈಲನ್ನು ಫ್ಲಾಪಿಗೆ ತುಂಬಿ, ಫ್ಲಾಪಿಯನ್ನು ಬ್ಯಾಗಿಗೆ ತುಂಬಿ, ನನ್ನನ್ನು ಬಸ್ಸಿಗೆ ತುಂಬಿದರೆ ಫೈಲು ರವಾನೆಯಾದಂತೆ.

ಫ್ಲಾಪಿಯನ್ನು ನೋಡಿರದವರಿಗೆ ಹೇಳುವುದಾದರೆ, ಅದು ಅಂಗೈಯಷ್ಟು ಚೌಕದ ಕರೀ ಪ್ಲಾಸ್ಟಿಕ್ಕಿನ ಬಿಲ್ಲೆ. ಒಂದು ಅಂಚಿಗೆ ಸರಿಯುವ ತಗಡಿನ ಬಾಗಿಲು. ಬಾಗಿಲು ಸರಿಸಿದರೆ ಒಳಗೆ ತೆಳ್ಳನೆಯ ಕಂದು ಹಾಳೆ ಕಾಣುತ್ತದೆ. ಬರೆದದ್ದೆಲ್ಲ ಇರುವುದು ಅದರ ಮೇಲೆ. ಬಿಟ್ಟರೆ ಬಾಗಿಲು ಟಕ್ಕೆಂದು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮಡಿ ಮೈಲಿಗೆ ಒಂದೆರಡಲ್ಲ. ಬಿಸಿಲು ಆಗದು, ಧೂಳು ಆಗದು, ಬಸ್ಸಿನ ಟೇಪ್ ರೆಕಾರ್ಡರಿನ ಸ್ಪೀಕರ್ ಪಕ್ಕ ಇಟ್ಟರೆ ಒಳಗಿನದೆಲ್ಲ ಅಳಿಸಿಹೋದೀತೆಂಬ ಭಯ. ನಮ್ಮ ದೊಡ್ಡಪ್ಪನಿಗೂ ಇಷ್ಟು ಮುನಿಸು ಇರಲಿಲ್ಲ.

ಅಕ್ಕನ ಮದುವೆ ಗೊತ್ತಾದದ್ದು ಆ ದಿನಗಳಲ್ಲೇ. ಹುಡುಗ ನಾಗಮಂಗಲದ ಕಡೆಯವನು. ಅಪ್ಪ ನಾವು ಚಿಕ್ಕವರಿರುವಾಗಲೇ ತೀರಿಕೊಂಡಿದ್ದರಿಂದ ಯಜಮಾನಿಕೆಯೆಲ್ಲ ಪಕ್ಕದ ಮನೆಯ ದೊಡ್ಡಪ್ಪನದು. ಧಾರೆ ಎರೆಯುವವರೂ ದೊಡ್ಡಪ್ಪ, ದೊಡ್ಡವ್ವನೇ. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಅವ್ವ. ಆದರೆ ಮದುವೆಯಲ್ಲಿ ಅವ್ವ ಮುಟ್ಟಬಾರದ್ದೇ ಹೆಚ್ಚು. ಅದರಲ್ಲಿ ಅವ್ವನಿಗೆ ನೋವಾದದ್ದು ಒಂದೇ ವಿಷಯಕ್ಕೆ. ಅಚ್ಚಾಗಿ ಬಂದ ಮೊದಲ ಪತ್ರಿಕೆಯ ಮೂಲೆಗಳಿಗೆ ಅರಿಶಿಣ ಹಚ್ಚಿ ಮನೆದೇವರ ಮುಂದಿಡುವುದು ನಮ್ಮ ಕಡೆಯ ರೂಢಿ. ಆಮೇಲೆಯೇ ನೆಂಟರಿಗೆ ಹಂಚುವುದು. ಹಚ್ಚಬೇಕಾದವರು ಮುತ್ತೈದೆಯರು. ದೊಡ್ಡವ್ವ ಹಚ್ಚುವುದೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಹಬ್ಬ ಬಂದರೆ ಹಸುವಿನ ಕೊಂಬಿಗೆ ಅವ್ವ ಅರಿಶಿಣ ಹಚ್ಚಬಹುದು, ಮಗಳ ಪತ್ರಿಕೆಗೆ ಹಚ್ಚಬಾರದು. ಇದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. "ನಂದೂ ಒಂದ್ ಬೊಟ್ಟು ಇದ್ದಿದ್ರೆ ಚೆನ್ನಾಗಿರೋದು" ಎಂದು ಒಂದು ದಿನ ಹಾಲು ಕರೆಯುತ್ತ ಅವ್ವ ಅಂದಳು. ನಾನು ಉತ್ತರ ಕೊಡುವಷ್ಟರಲ್ಲಿ, "ಬುಡು, ಎಲ್ರಿಗೂ ಇದ್ದಿದ್ದೇ" ಎಂದು ಕರು ಬಿಚ್ಚಲು ಹೋದಳು.

ಪತ್ರಿಕೆ ಟೈಪು ಮಾಡಿದ್ದು ನಾನೇ. ಸಂಜೆ ಮುಗಿಸಿ, ಮರುದಿನ ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ಫ್ಲಾಪಿಯನ್ನು ಮನೆಗೆ ತಂದೆ. ಅವ್ವನಿಗೆ ತೋರಿಸಿದೆ. "ಇದ್ರೊಳಗೆ ಅಕ್ಕನ ಪತ್ರಿಕೆ ಐತೆ ಕಣವ್ವ" ಎಂದು ಬಾಗಿಲು ಸರಿಸಿ ಕಂದು ಹಾಳೆಯನ್ನೂ ತೋರಿಸಿದೆ. ಅವ್ವ ಬಗ್ಗಿ ನೋಡಿದಳು. "ಏನೂ ಬರ್ದಿಲ್ವಲ್ಲೇ?" ಎಂದಳು. "ಕಣ್ಣಿಗೆ ಕಾಣಾಕಿಲ್ಲ. ಕಾಗದಕ್ಕೆ ಬಂದ್ಮೇಲೆ ಕಾಣ್ತದೆ" ಎಂದೆ. ಮನೆಯಲ್ಲಿ ಇಲಿ, ಬೆಕ್ಕು, ಪಕ್ಕದ ಮನೆಯ ಮಕ್ಕಳು ಯಾವುದೂ ಮುಟ್ಟದ ಜಾಗ ದೇವರ ಗೂಡೊಂದೇ. ಅಲ್ಲಿಟ್ಟು ಮಲಗಿದೆ.

ಮರುದಿನ ಪ್ರೆಸ್ಸಿನ ಮಾಲೀಕ ಸಾಹೇಬರು ಫ್ಲಾಪಿಯನ್ನು ಕಂಪ್ಯೂಟರಿಗೆ ತೂರಿಸಿದರು. ವಯಸ್ಸಾದ, ನಿಧಾನದ ಮನುಷ್ಯ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸು ನಡೆಸಿಕೊಂಡು ಬಂದವರು. ಯಂತ್ರ ಕಟಕಟ ಎಂದಿತು, ನರಳಿತು, ಕೊನೆಗೆ ಓದಲಾರೆನೆಂದು ಇಂಗ್ಲಿಷಿನಲ್ಲಿ ಕೈಯೆತ್ತಿತು. ಹೊರಗೆ ತೆಗೆದು ಬಾಗಿಲು ಸರಿಸಿ ನೋಡಿದರೆ ಕಂದು ಹಾಳೆಯ ಮೇಲೆ ಹಳದಿ ಗೀರು.

"ಅರೆ ಬೇಟಿ, ಏನ್ ಇದು? ಮದ್ವೆ ನಿಮ್ಮಕ್ಕಂಗೋ, ಫ್ಲಾಪಿಗೋ? ಇದುಕ್ಕೇ ಅರಿಸ್ನ ಅಚ್ಬುಟ್ಟವ್ರಲ್ಲ!"

ನಾನು ನಗಲಿಲ್ಲ. ಹೊರಗಿನ ಮೂಲೆಗಳಲ್ಲಿ ಒಂದು ಕಲೆಯೂ ಇರಲಿಲ್ಲ. ಒಳಗೆ ಮಾತ್ರ ಇತ್ತು, ಬಾಗಿಲು ಮುಚ್ಚಿದರೆ ಯಾರಿಗೂ ಕಾಣದ ಜಾಗದಲ್ಲಿ. ಯಾರ ಕೈ ಎಂದು ಆ ಕ್ಷಣವೇ ಗೊತ್ತಾಯಿತು.

ಫೈಲೇನೂ ಹಾಳಾಗಿರಲಿಲ್ಲ. ಪಾಂಡವಪುರದ ಕಂಪ್ಯೂಟರಿನಲ್ಲಿ ಅದರ ಇನ್ನೊಂದು ಪ್ರತಿ ಇತ್ತು. ಆದರೆ ಸಾಹೇಬರ ಯಂತ್ರದೊಳಗೆಲ್ಲ ಅರಿಶಿಣ ಮೆತ್ತಿಕೊಂಡು, ಅವರು ಸ್ಪಿರಿಟ್ಟು ಹತ್ತಿ ಹಿಡಿದು ಕೂತರು. ನಾನು ಪಾಂಡವಪುರಕ್ಕೆ ವಾಪಸು ಬಂದರೆ ಕರೆಂಟಿಲ್ಲ. ಹೀಗೆ ಎಳೆದು ಎಳೆದು, ದೊಡ್ಡಪ್ಪ ಪತ್ರಿಕೆಯ ಪೂಜೆಗೆಂದು ಗೊತ್ತು ಮಾಡಿದ್ದ ಶುಕ್ರವಾರ ತಪ್ಪಿಹೋಯಿತು.

ಫ್ಲಾಪಿ ಕೆಟ್ಟಿತು ಎಂದಷ್ಟೇ ನಾನು ದೊಡ್ಡಪ್ಪನಿಗೆ ಹೇಳಿದ್ದು. ಅವರು ಜಗುಲಿಯ ಮೇಲೆ ಕೂತು, ಇಡೀ ಬೀದಿಗೆ ಕೇಳುವ ಹಾಗೆ, "ಒಳ್ಳೆ ಕೆಲ್ಸಕ್ ಒಂಟಾಗ ಇಂಗ್ ಆಯ್ತದೆ ಅಂದ್ರೆ, ಯಾರ್ ಕೈ ಸೋಕ್ತೋ ಏನೋ" ಎಂದರು. ಯಾರ ಮೇಲೂ ಅನುಮಾನವಿಟ್ಟು ಆಡಿದ ಮಾತಲ್ಲ. ಎತ್ತು ಕುಂಟಿದರೂ ಅವರು ಹಾಗೇ ಅನ್ನುತ್ತಿದ್ದರು. ಬಾಗಿಲ ಹಿಂದೆ ನಿಂತಿದ್ದ ಅವ್ವನಿಗೆ ಅಷ್ಟು ಸಾಕಾಯಿತು.

ಕೊಟ್ಟಿಗೆಯಲ್ಲಿ ನನ್ನ ಹತ್ತಿರ ಎಲ್ಲ ಹೇಳಿದಳು. "ಪತ್ರಿಕೆ ಇನ್ನೂ ಪತ್ರಿಕೆ ಆಗಿರ್ಲಿಲ್ವಲ್ಲ ಮಗ. ಕಾಗ್ದಕ್ ಬರೋ ಮುಂಚೆ ನಾನ್ ಮುಟ್ಟುದ್ರೆ ಯಾರ್ಗೂ ಏನೂ ಆಗಾಕಿಲ್ಲ ಅನ್ಕಂಡೆ. ನೀನ್ ತೋರ್ಸಿದ್ದಂಗೇ ಬಾಗ್ಲು ತಗ್ದು, ಒಳ್ಗೇ ಒಂದ್ ಬೊಟ್ಟು ಅಚ್ಚಿ ಮುಚ್ದೆ. ಯಾರ್ಗೂ ಕಾಣಾಕಿಲ್ಲ ಅಂತ."

"ಅದು ಒದ್ದೆಗೆ ಕೆಟ್ಟಿದ್ದು ಕಣವ್ವ. ನೀರು ತಗುಲಿದ್ರೆ ಯಾರ ಕೈಲಾದ್ರೂ ಕೆಡ್ತದೆ."

"ಸುಮ್ಕಿರು. ನೀನ್ ಮುಟ್ಟುದ್ರೆ ಕೆಡ್ಲಿಲ್ಲ, ಬಸ್ಸಲ್ ಕುಲುಕುದ್ರೆ ಕೆಡ್ಲಿಲ್ಲ. ನನ್ ಕೈ ಸೋಕ್ತಿದ್ದಂಗೆ ನಿಮ್ಮಕ್ಕನ್ ಎಸ್ರೇ ಅಳ್ಸೋಯ್ತು." ಅವ್ವ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಧಾರೆ ಒತ್ನಲ್ಲಿ ನಾನು ಅಡ್ಗೆ ಕ್ವಾಣೇಲೇ ಇರ್ತೀನಿ. ಎದ್ರುಗೆ ಬರಾಕಿಲ್ಲ."

ನನಗೆ ರೇಗಿಹೋಯಿತು. ದೊಡ್ಡಪ್ಪನ ಮೇಲೆ, ಊರಿನ ಮೇಲೆ, ಆ ಕರೀ ಬಿಲ್ಲೆಯ ಮೇಲೆ. ಎಷ್ಟು ವಾದ ಮಾಡಿದರೂ ಅವ್ವ ಜಗ್ಗಲಿಲ್ಲ. ಅಕ್ಕನಿಗೆ ಹೇಳಿದೆ. ಅಕ್ಕ ಅತ್ತಳು, ಮೂಗು ಒರೆಸಿಕೊಂಡು, ಅವ್ವ ಎದುರಿಗಿಲ್ಲದಿದ್ದರೆ ನಾನು ಹಸೆಮಣೆ ಹತ್ತುವುದಿಲ್ಲ ಎಂದಳು. ಅಕ್ಕ ಹಟಕ್ಕೆ ಬಿದ್ದರೆ ಹೇಳಿದ್ದನ್ನು ಮಾಡುವವಳೇ. ಎಲ್ಲದಕ್ಕೂ ಕಾಪಿ ಇಡುವುದನ್ನು ಕಲಿತಿದ್ದ ನನಗೆ ಅವ್ವನ ಆ ಒಂದು ಆಸೆಯ ಕಾಪಿ ಎಲ್ಲಿಂದ ತರುವುದೆಂದು ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ. ಬಳೆ, ಅರಿಶಿಣ, ಕುಂಕುಮ ತರಲಿಕ್ಕೆಂದು ಅವ್ವ, ದೊಡ್ಡವ್ವ ಇಬ್ಬರೂ ನನ್ನ ಜೊತೆ ಪಾಂಡವಪುರಕ್ಕೆ ಬಂದಿದ್ದರು. ಸಾಮಾನು ಕೊಂಡ ಮೇಲೆ ಇಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು. ಇದ್ದಿದ್ದರೆ ನನ್ನನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಿದ್ದರು. ಒಂದು ಹಳೆಯ ಫ್ಲಾಪಿಗೆ ಪತ್ರಿಕೆಯನ್ನು ತುಂಬಿ, ಅದರಿಂದಲೇ ತೆರೆದು ತೋರಿಸಿದೆ. ಪರದೆಯ ತುಂಬ ಅಕ್ಕನ ಹೆಸರು. ದೊಡ್ಡವ್ವ ಬೆರಗಾಗಿ ನೋಡಿದಳು. ಅವ್ವ ದೂರದಲ್ಲೇ ನಿಂತಿದ್ದಳು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು.

ಫ್ಲಾಪಿಯನ್ನು ಹೊರಗೆ ತೆಗೆದು ದೊಡ್ಡವ್ವನ ಮುಂದೆ ಹಿಡಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ದೊಡ್ಡವ್ವ, ಮೊದಲನೇ ಫ್ಲಾಪಿಗೆ ಒಳಗೆ ಅರಿಶಿಣ ಹಚ್ಚಿದ್ದು ಅವ್ವ. ತನ್ನ ಕೈ ಸೋಕಿ ಕೆಟ್ಟಿತು ಅಂತವ್ಳೆ. ಧಾರೆಗೂ ಬರಾಕಿಲ್ವಂತೆ. ನಾನು ಹೇಳೋದು ಒದ್ದೆಗೆ ಕೆಟ್ಟಿತು ಅಂತ. ನೀನು ಮುತ್ತೈದೆ. ಇದಕ್ಕೆ ನೀನು ಹಚ್ಚು."

ಅವ್ವ, "ಲೇ, ಬಾಯ್ ಮುಚ್ಚೇ!" ಎಂದು ಗದರಿದಳು.

ದೊಡ್ಡವ್ವ ಅವ್ವನ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ನನ್ ಕೈಲೂ ಕೆಟ್ರೆ?"

"ಕೆಡ್ಲಿ ಅಂತಾನೇ."

ಅವಳ ಮುಖ ಸಣ್ಣಗಾಯಿತು. ಆಗಲೇ ನನಗೆ ಗೊತ್ತಾದದ್ದು, ನಾನು ಕೇಳುತ್ತಿರುವುದು ಸಣ್ಣ ವಿಷಯವಲ್ಲ ಎಂದು. ಕೆಟ್ಟರೆ ಅವಳ ಕೈಯೂ ಅವ್ವನ ಕೈಯೂ ಒಂದೇ ಆಗುತ್ತದೆ. ಮದುವೆಗೆ ಮುಂಚೆ, ಅದೂ ಅಕ್ಕನ ಹೆಸರಿರುವುದಕ್ಕೆ ಹಾಗೆ ಮಾಡುವುದೆಂದರೆ ಅವಳಂಥವಳಿಗೆ ಭಯವಾಗದೆ ಇರುತ್ತದೆಯೇ? ಬೇಡ ಬಿಡು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ದೊಡ್ಡವ್ವ ಚೀಲಕ್ಕೆ ಕೈ ಹಾಕಿ ಅರಿಶಿಣದ ಪೊಟ್ಟಣ ಹರಿದಳು. ಹೂಜಿಯ ನೀರನ್ನು ಅಂಗೈಗೆ ಬಗ್ಗಿಸಿಕೊಂಡು ಕಲಸಿದಳು. ನಾನು ತಗಡಿನ ಬಾಗಿಲನ್ನು ಸರಿಸಿ ಹಿಡಿದೆ. "ಎಲ್ಲಿಗ್ ಅಚ್ಚಿದ್ದೆ? ತೋರ್ಸು" ಎಂದು ಅವ್ವನನ್ನು ಕೇಳಿದಳು. ಅವ್ವನ ಬೆರಳು ಸೆರಗಿನಿಂದ ಹೊರಗೆ ಬಂದು ತೋರಿಸಿತು. ದೊಡ್ಡವ್ವ ಅಲ್ಲಿಗೇ ಬೊಟ್ಟು ಒತ್ತಿದಳು.

ಫ್ಲಾಪಿಯನ್ನು ಒಳಗೆ ತೂರಿಸಿದೆ. ಕಟಕಟ. ನರಳಾಟ. ಮತ್ತೆ ಕಟಕಟ. ಪರದೆಯ ಮೇಲೆ ಅದೇ ಇಂಗ್ಲಿಷು.

"ಏನಂತೆ?" ಎಂದಳು ದೊಡ್ಡವ್ವ.

"ಓದಾಕಾಗಲ್ವಂತೆ."

ದೊಡ್ಡವ್ವ ಉಸಿರು ಬಿಟ್ಟಳು. ತನ್ನ ಹಳದಿ ಬೆರಳನ್ನು ಅವ್ವನ ಮುಖದ ಮುಂದೆ ಹಿಡಿದು, ಜಗಳಕ್ಕೆ ನಿಂತವಳ ಹಾಗೆ, "ನೋಡ್ದಾ? ನಂದ್ರಲ್ಲೂ ಕೆಡ್ತು. ಕೈಯಂತೆ ಕೈ! ಈ ದರಿದ್ರದ್ ತಗಡ್ಗೆ ನೀರ್ ಕಂಡ್ರಾಗಕಿಲ್ಲ, ಅದುಕ್ಕೆ ನೀನ್ ಅಡ್ಗೆ ಕ್ವಾಣೆ ಸೇರ್ಕತೀಯಾ?" ಎಂದಳು. ಬೈಯುತ್ತ ಬೈಯುತ್ತಲೇ ಅವಳ ಕಣ್ಣು ತುಂಬಿತು. ಅವ್ವ ಮೊದಲು ಪರದೆ ನೋಡಿದಳು, ಆಮೇಲೆ ಆ ಬೆರಳು. ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಅವಳಿಂದ ಬಂತು. ಓರಗಿತ್ತಿಯರಿಬ್ಬರೂ ಆ ಇಕ್ಕಟ್ಟಿನ ಅಂಗಡಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ಯಜಮಾನರು ಬರುವುದರೊಳಗೆ ಯಂತ್ರ ಶುಚಿ ಮಾಡುವ ಗಡಿಬಿಡಿಯಲ್ಲಿ ನಾನಿದ್ದೆ.

ಇನ್ನೊಂದು ಫ್ಲಾಪಿ ಶ್ರೀರಂಗಪಟ್ಟಣ ಸೇರಿತು. ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿಯೂ ನೋಡಿ ಒಳಗೆ ಹಾಕಿದರು. ಪತ್ರಿಕೆಗಳು ಅಚ್ಚಾದವು. ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಮನೆದೇವರ ಮುಂದೆ ಎಲ್ಲರೂ ಸೇರಿದ್ದೆವು. ದೊಡ್ಡವ್ವ ಮೊದಲ ಪತ್ರಿಕೆ ಎತ್ತಿಕೊಂಡು ಮೂಲೆಗಳಿಗೆ ಅರಿಶಿಣ ಹಚ್ಚಿದಳು. ಮೂರಕ್ಕೆ ನಿಲ್ಲಿಸಿ, ಬಟ್ಟಲನ್ನೂ ಪತ್ರಿಕೆಯನ್ನೂ ಅವ್ವನ ಮುಂದಕ್ಕೆ ತಳ್ಳಿದಳು. ದೊಡ್ಡಪ್ಪ ತಲೆಯೆತ್ತಿದರು. ಬಾಯಿ ತೆರೆದವರು ದೊಡ್ಡವ್ವನ ಮುಖ ನೋಡಿ ಮುಚ್ಚಿಕೊಂಡರು. ಎತ್ತಿಗೆ ಹುಲ್ಲು ಹಾಕಿದ್ದೀರೋ ಇಲ್ಲವೋ ಎಂದು ಗೊಣಗಿಕೊಂಡು ಎದ್ದು ಕೊಟ್ಟಿಗೆಗೆ ಹೋದರು. ಅವರಿಂದ ಅದಕ್ಕಿಂತ ದೊಡ್ಡ ಒಪ್ಪಿಗೆಯನ್ನು ನಾವು ನಿರೀಕ್ಷಿಸಿರಲಿಲ್ಲ.

ಅವ್ವ ನಾಲ್ಕನೆಯ ಮೂಲೆಗೆ ಹಚ್ಚಲಿಲ್ಲ. ಪತ್ರಿಕೆಯನ್ನು ಬಿಡಿಸಿದಳು. ಅಕ್ಕನ ಹೆಸರೆಲ್ಲಿದೆ ಎಂದು ನನ್ನನ್ನು ಕೇಳಿ, ಅದರ ಪಕ್ಕದಲ್ಲಿ, ಒಳಗೆ, ಒಂದು ಬೊಟ್ಟಿಟ್ಟಳು. ಬೆರಳು ತೆಗೆದ ಮೇಲೂ ಬಗ್ಗಿ ನೋಡುತ್ತಲೇ ಇದ್ದಳು. ಹೆಸರು ಇದ್ದಲ್ಲೇ ಇತ್ತು. ಅಕ್ಕ ಕಣ್ಣೊರೆಸಿಕೊಂಡು, ದೇವರ ಮುಂದಿಡಲೆಂದು ಪತ್ರಿಕೆಯನ್ನು ಮಡಚಲು ಕೈ ಚಾಚಿದಳು.

ಅವ್ವ ಅವಳ ಕೈಯನ್ನು ತಡೆದಳು. "ಇರು, ಈಗ್ಲೇ ಮುಚ್ಬ್ಯಾಡ. ಒಣುಗ್ಲಿ."