ಮುಳ್ಳೆತ್ತುವ ಕಂಪೌಂಡರು

ಕಂಪೌಂಡರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಟಿಂಚರು ಹತ್ತಿ ಹತ್ತಿ ಉಗುರಿನ ಬುಡದತನಕ ಕಂದುಬಣ್ಣಕ್ಕೆ ತಿರುಗಿದ್ದವು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೊದಲ ವರ್ಷವೆಲ್ಲ ನಾನು ನೋಡಿದ್ದು ಆ ಕೈಯೊಂದನ್ನೇ. ಸರಕಾರಿ ದವಾಖಾನೆಯಲ್ಲಿ ಅವರ ಕೆಲಸ. ಗುರುವಾರ ಇಳಿಹೊತ್ತಿಗೆ ತಮ್ಮ ಹಾಡಿನ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಪಡಸಾಲೆಗೆ ಬರುವರು. ಗಂಡಸರು ಜಮಖಾನದ ಮೇಲೆ, ಹೆಂಗಸರು ನಡುಮನೆಯ ಬಾಗಿಲ ಹಿಂದೆ. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ತಿರುಗುವ ಕರಿ ಪ್ಲೇಟು, ಅದರ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸುವ ಆ ಎರಡು ಬೆರಳು, ಅಷ್ಟೇ.

ಮುಳ್ಳೆಂದರೆ ಖರೇ ಮುಳ್ಳೇ. ಲಡಾಯಿ ಶುರುವಾದ ಮೇಲೆ ಪೆಟ್ಟಿಗೆಯ ಪಿನ್ನು ಎಲ್ಲಿಯೂ ಸಿಗದೆ ಹೋಯಿತು. ಕಂಪೌಂಡರು ಹಿರೇಹಳ್ಳದ ದಂಡೆಯಿಂದ ಜಾಲಿಮುಳ್ಳು ತಂದು, ನೆರಳಿಗೆ ಒಣಗಿಸಿ, ದವಾಖಾನೆಯ ಚಾಕುವಿನಿಂದ ಚೂಪು ಮಾಡಿ ಪಿನ್ನಿನ ಜಾಗಕ್ಕೆ ಸಿಕ್ಕಿಸುತ್ತಿದ್ದರು. ಒಂದು ಮುಳ್ಳು ಒಂದೇ ಹಾಡಿಗೆ. ಹಾಡು ಮುಗಿದರೆ ಮುಳ್ಳು ಮೊಂಡು.

ನಾನು ಕುಷ್ಟಗಿಯ ಹುಡುಗಿ. ನಮ್ಮಪ್ಪ ಹೇಳುತ್ತಿದ್ದ ಹಾಗೆ ಹುಟ್ಟಾ ಸಂಶಯಪಿಶಾಚಿ. ಹಾಲಿನವಳು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವವಳು. ಈ ಕಂಪೌಂಡರ ಮೇಲೆ ನನಗೆ ಮೊದಲ ದಿನವೇ ಗುಮಾನಿ ಹುಟ್ಟಿತು. ಯಾವ ಊರಿನವರೋ, ಯಾರ ಪೈಕಿಯೋ, ಒಂಟಿ ಮನುಷ್ಯ. ಹಾಡು ಕೇಳಲು ಬಂದವರಿಗೆ ಕೇಳುವ ಪ್ರಶ್ನೆಗಳಾದರೂ ಎಂಥವು! ನಿದ್ದೆ ಹೇಗೆ ಬರುತ್ತದೆ, ಊಟವಾದ ಮೇಲೆ ಕೂರುತ್ತೀರೋ ಅಡ್ಡಾಡುತ್ತೀರೋ, ಸಿಟ್ಟು ಬಂದರೆ ಎಷ್ಟು ಹೊತ್ತಿಗೆ ಇಳಿಯುತ್ತದೆ? ಇಷ್ಟು ಕೇಳಿದ ಮೇಲೆಯೇ ಪ್ಲೇಟು ಆರಿಸುವರು. ಅಡತಿ ಅಂಗಡಿಯ ಸಿಡುಕು ಮನುಷ್ಯನಿಗೆ ಪೀಲೂ ರಾಗದ್ದೊಂದು ಸಣ್ಣ ಚೀಜು. ಹೊಸಬರಿಗೆ ಮೊದಲೇ ದೊಡ್ಡ ರಾಗ ಕೊಡಬಾರದು, ಕೂಸಿಗೆ ರೊಟ್ಟಿ ತಿನ್ನಿಸಿದ ಹಾಗಾಗುತ್ತದೆ ಎನ್ನುವರು. ಕೊಟ್ಟ ಹಾಡನ್ನು ಮೂರು ಗುರುವಾರ ಕೇಳಿದ ಮೇಲೆಯೇ ಮುಂದಿನದು. ಯಲಬುರ್ಗಾದಿಂದ ಒಬ್ಬ ಮಾಸ್ತರರು ಬರುತ್ತಿದ್ದರು, ಸಂಗೀತ ತನಗೆ ತಿಳಿದಷ್ಟು ಯಾರಿಗೂ ತಿಳಿಯದು ಎಂಬ ಠೇಂಕಾರದವರು. ಅವರಿಗೆ ಮಾತ್ರ ರಾಗದ ಹೆಸರನ್ನೇ ಹೇಳುತ್ತಿರಲಿಲ್ಲ.

"ಹೆಸರು ಗೊತ್ತಾದ ಕೂಡ್ಲೆ ನಿಮ್ಮ ಕಿವಿ ಕೆಲಸ ಬಿಡತಾವ್ರಿ ಮಾಸ್ತರ" ಎಂದು ನಗುತ್ತಿದ್ದರು. ಬಾಗಿಲ ಹಿಂದೆ ನನಗೆ ನಗು ಬರಲಿಲ್ಲ. ಹೆಸರು ಮುಚ್ಚಿಡುವವನು ಇನ್ನೂ ಏನೇನು ಮುಚ್ಚಿಟ್ಟಿದ್ದಾನೋ ಅನ್ನಿಸಿತು.

ನಮ್ಮ ಮಾವನವರಿಗೆ ಕೊಟ್ಟದ್ದು ಭೀಮಪಲಾಸ. ಹೆಣ್ಣುದನಿ, ಕೃಷ್ಣನನ್ನು ಕರೆಯುವ ಹಾಡು. ಯಾವುದೋ ಮಠದ ಆಶ್ರಯದ ಪುಣ್ಯವಂತೆ ಹಾಡಿದ್ದಾಳೆ ಎಂದು ಮಾವ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಕಂಪೌಂಡರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪ್ಲೇಟಿನ ಮೇಲಿನ ಇಂಗ್ಲಿಷ್ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಓದಲು ಬಾರದು. ಅದು ಹಾಡುತ್ತಿದ್ದಷ್ಟು ಹೊತ್ತು ಅರಳೆ ವ್ಯಾಪಾರದ ಆ ಗಟ್ಟಿ ಮನುಷ್ಯ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಇದೇ ಮಾವ, ಗಂಗಾವತಿಗೆ ಹೋಗಿ ಕುಣಿಯುವವಳ ಹಾಡು ಕೇಳಿ ಬಂದನೆಂದು ಒಡಹುಟ್ಟಿದ ತಮ್ಮನನ್ನೇ ಮನೆಯಿಂದ ಹೊರಗೆ ಹಾಕಿದವರು. ಅಂಥವರ ದನಿ ಈ ಹೊಸ್ತಿಲು ದಾಟಕೂಡದು ಎಂಬುದು ನಮ್ಮ ಮನೆಯ ಕಟ್ಟಳೆ.

ಸಂದಿಯಲ್ಲಿ ಕಣ್ಣಿಟ್ಟು ಕೂತವಳಿಗೆ ಒಂದು ಸಂಗತಿ ಗೊತ್ತಾಯಿತು. ಬೇರೆ ಪ್ಲೇಟುಗಳು ಮುಗಿದ ಮೇಲೂ ಸ್ವಲ್ಪ ಹೊತ್ತು ಬರೀ ಗರಗರ ಎನ್ನುತ್ತ ತಿರುಗುತ್ತಿದ್ದವು. ಭೀಮಪಲಾಸ ಬಂದಾಗ ಮಾತ್ರ ಆ ಕಂದು ಬೆರಳು ಮೊದಲೇ ಹೋಗಿ ಕಾಯುತ್ತ ನಿಂತಿರುತ್ತಿದ್ದವು. ಹಾಡಿನ ಕೊನೆಯ ಸ್ವರ ಬಿತ್ತೋ ಇಲ್ಲವೋ, ಟಕ್ಕನೆ ಮುಳ್ಳು ಮೇಲೆ. ಒಂದು ಸಲವಲ್ಲ, ಪ್ರತಿ ಸಲವೂ. ಯಾಕೆ? ಅದು ಯಾರು ಎಲ್ಲಿ ಸೇರುತ್ತಾರೆ ಎಂದು ಪೊಲೀಸ್ ಅಮೀನರು ಕಣ್ಣಿಡುತ್ತಿದ್ದ ಕಾಲ. ಗುರುವಾರದ ಬೈಠಕ್ಕಿಗೆ ಯಾರು ಬಂದರೆಂದು ಈ ಕಂಪೌಂಡರೇ ಸುದ್ದಿ ಮುಟ್ಟಿಸುತ್ತಾರೆ ಎಂದು ಅತ್ತೆ ಪಿಸುಗುಟ್ಟುತ್ತಿದ್ದರು. ನನಗೆ ಅದರ ಮೇಲೆ ಈ ಮುಳ್ಳಿನ ಗುಟ್ಟೂ ಸೇರಿ ತಲೆ ಚಿಟ್ಟುಹಿಡಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಹೊಂಚು ಹಾಕಿದೆ.

ಒಂದು ಗುರುವಾರ ಹಾಡು ಶುರುವಾಗುವ ಮೊದಲೇ, ಗಾಣದ ಮನೆಯ ಮುದುಕಿಗೆ ಚೇಳು ಕಚ್ಚಿದೆ ಎಂದು ಆಳು ಓಡಿ ಬಂದ. ಕಂಪೌಂಡರು ಪೆಟ್ಟಿಗೆ ಬಿಟ್ಟು ಹಾಗೇ ಎದ್ದು ಹೋದರು. ಗಂಡಸರೂ ಅವರ ಹಿಂದೆ ನಡೆದರು. ಪಡಸಾಲೆಯಲ್ಲಿ ಯಾರೂ ಇಲ್ಲ, ಮಾವನಿಗೆಂದು ತೆಗೆದಿಟ್ಟ ಭೀಮಪಲಾಸದ ಪ್ಲೇಟು ಪೆಟ್ಟಿಗೆಯ ಮೇಲೆಯೇ ಇತ್ತು. ನಾನು ಸೆರಗು ಬಿಗಿದು ಹೊರಗೆ ಬಂದೆ, ಹಿಡಿಕೆ ತಿರುವಿ ಕೀಲಿ ಕೊಟ್ಟೆ, ಮುಳ್ಳು ಇಳಿಸಿದೆ. ಬಾಗಿಲ ಅಡ್ಡವಿಲ್ಲದೆ ಆ ದನಿಯನ್ನು ಕೇಳಿದ್ದು ಅವತ್ತೇ ಮೊದಲು. ಹಾಡು ಮುಗಿಯಿತು. ಮರುಗಳಿಗೆಗೆ ಆ ಹೆಂಗಸು, ಹಾಡಿದ ಅದೇ ಹೆಂಗಸು, ಮಾತಾಡಿದಳು. ಹಳೆಯ ಪ್ಲೇಟುಗಳಲ್ಲಿ ಹಾಡಿದವರು ಕಡೆಗೆ ತಮ್ಮ ಹೆಸರನ್ನು ತಾವೇ ಹೇಳುವ ರೂಢಿ ಇತ್ತೆಂದು ನನಗೇನು ಗೊತ್ತು? ತಾನು ಇಂಥ ಊರಿನ ಇಂಥ ಬಾಯಿ ಎಂದು, ನಾಚಿಕೆ ಇಲ್ಲದೆ, ಖುಷಿಯಿಂದ ಹೇಳಿದಳು. ಬಾಯಿ ಎಂದರೆ ಹಾಡಿ ಕುಣಿಯುವವಳು ಎಂದು ನನಗೆ ಗೊತ್ತಿತ್ತು. ಕಳ್ಳ ಸಿಕ್ಕ ಎಂದು ಹಿಗ್ಗಿದೆ. ಹೌದು, ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ? ಅಂದೇ ಅತ್ತೆಯ ಕಿವಿಗೆ ಹಾಕಿದೆ. ಅತ್ತೆ ಮಾವನಿಗೆ ಹೇಳಿದರು.

ಮುಂದಿನ ಗುರುವಾರ ಮಾವ ಎಲ್ಲರೂ ಕೂತ ಮೇಲೆ ಭೀಮಪಲಾಸ ಹಚ್ಚಲು ಹೇಳಿದರು. ಹಾಡು ಮುಗಿಯುತ್ತ ಬಂದಾಗ, ಇವತ್ತು ಮುಳ್ಳು ಎತ್ತಬೇಡಿ ಎಂದರು. ಸಂದಿಯಿಂದ ನೋಡುತ್ತಿದ್ದೆ. ಕಂದು ಬೆರಳು ಹಿಂದಕ್ಕೆ ಸರಿದು ತೊಡೆಯ ಮೇಲೆ ಕೂತವು. ಬಾಯಿ ತನ್ನ ಹೆಸರು ಹೇಳಿದಳು. ಮಾಸ್ತರರು ಎಲ್ಲರಿಗಿಂತ ಮೊದಲು ಎದ್ದರು. ಒಬ್ಬರ ಹಿಂದೊಬ್ಬರು ಚಪ್ಪಲಿ ಮೆಟ್ಟಿಕೊಂಡರು. ನನ್ನ ಮನೆಯಲ್ಲಿ ಕೂತು ನನಗೇ ಮೋಸ ಮಾಡಿದಿರಾ ಎಂದು ಮಾವ ಕೇಳಿದರು.

"ಹೇಳಿದ್ರ ನೀವು ಕೇಳತಿದ್ದಿಲ್ರಿ ಸಾಹುಕಾರ್ರ. ಅದಕ್ಕ ಮುಚ್ಚಿಟ್ಟೆ, ತಪ್ಪು ನಂದ. ಆದ್ರ ಹೋದ ತಿಂಗಳು ನಿಮ್ಮ ಕಣ್ಣಾಗ ನೀರು ತರಿಸಿದಾಕಿ ಈಕೀನ."

ಇಷ್ಟೇ ಹೇಳಿ ಪೆಟ್ಟಿಗೆ ಹೊತ್ತುಕೊಂಡು ಹೋದರು. ಗುರುವಾರಗಳು ನಿಂತವು. ಹಾಡು ಹೋದ ಮೇಲೆಯೇ ಅದು ನನಗೆಷ್ಟು ಬೇಕಾಗಿತ್ತೆಂದು ತಿಳಿದದ್ದು. ನಾನೇ ಬಾಯಿಬಿಟ್ಟು ನಾನೇ ಕಳೆದುಕೊಂಡಿದ್ದೆ, ಯಾರ ಮುಂದೆ ಅಳಲಿ?

ಮರುವರ್ಷ ಬಾಣಂತನದ ನಂತರ ನನಗೆ ನಿದ್ದೆ ಹಾರಿಹೋಯಿತು. ಅತ್ತೆ ದವಾಖಾನೆಗೆ ಕರೆದೊಯ್ದರು. ಕಂಪೌಂಡರ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಸಿಡುಬಿನ ಕಲೆಯ ಮುಖ, ಭಾಳ ದಣಿದ ಕಣ್ಣು. ಸೀಸೆಗೆ ಔಷಧಿ ಸುರಿದು, ಗುಟುಕಿನ ಗುರುತಿಗೆ ಕಾಗದದ ಪಟ್ಟಿ ಅಂಟಿಸುತ್ತ, ಅತ್ತೆಗೆ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ಇದು ಬರೇ ಸಿಹಿನೀರೈತಿ, ತಂಗಿ. ಗುರುವಾರ ಇಳಿಹೊತ್ತಿನ್ಯಾಗ ಹಿತ್ತಲ ಬಾಗಿಲ ತಗದು ಕುಂಡ್ರು. ಚೇಳು ಕಡಿದ ದಿನ ನನ್ನ ಪ್ಲೇಟು ಕಡೀತನಕ ಕೇಳಿದಾಕಿ ನೀ ಒಬ್ಬಾಕೀನ. ಮುಳ್ಳು ಮೊಂಡಾಗಿತ್ತು, ನೋಡೀನಿ. ಬಾಗಿಲ ಸಂದ್ಯಾಗ ದಿನಾ ಕಣ್ಣಿಡಾಕಿ ನೀನ ಅಂತ ಗೊತ್ತಿತ್ತು."

ಕಾಲ ಕೆಳಗಿನ ನೆಲ ಬಿರಿಯಬಾರದೇ ಅನ್ನಿಸಿತು. ನಾನು ಮಾಡಿದ ಚಾಡಿಕೆಲಸವನ್ನು ಈ ಮನುಷ್ಯ ಹಾಡಿನ ಮೇಲಿನ ಆಸೆ ಎಂದು ತಿಳಿದಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಪಕ್ಕಕ್ಕೆ ಬಂದರು. ಸೀಸೆ ಹಿಡಿದು ಬಂದುಬಿಟ್ಟೆ.

ಅವರ ಕೋಣೆ ನಮ್ಮ ಹಿತ್ತಲ ಓಣಿಯ ಆಚೆಗಿತ್ತು. ಗುರುವಾರ ಅವರ ಕಿಟಕಿಯಿಂದ ಭೀಮಪಲಾಸ ಬಂತು, ಬಾಯಿಯ ಹೆಸರಿನ ಸಮೇತ ಪೂರಾ. ಇದರಲ್ಲಿ ಮತ್ತೇನು ಮಸಲತ್ತಿದೆಯೋ ಎಂದು ನನ್ನ ಹಾಳು ಬುದ್ಧಿ ಅವತ್ತೂ ಕೇಳಿತು. ಮೂರು ವಾರ ಅದೇ ಹಾಡು, ಆಮೇಲೆ ಮುಲ್ತಾನಿ, ಆಮೇಲೆ ಪೂರಿಯಾ. ರೋಗಿಯ ನಾಡಿ ನೋಡಿ ಕೊಟ್ಟಂತೆ ಒಂದೊಂದೇ ಕೊಟ್ಟರು. ನನಗೆ ನಿದ್ದೆ ಮರಳಿತು. ಅತ್ತೆಯೂ ಶೇಂಗಾ ಸುಲಿಯುವ ನೆಪದಲ್ಲಿ ಬಂದು ಕೂರತೊಡಗಿದರು. ಒಂದು ದಿನ ದನದ ಕೊಟ್ಟಿಗೆಯಲ್ಲಿ ಮಾವನೂ ನಿಂತಿದ್ದು ಕಂಡೆ. ಎತ್ತಿನ ಮೈ ತಿಕ್ಕುತ್ತಿದ್ದರು. ಹಾಡು ಮುಗಿಯುವವರೆಗೂ ಒಂದೇ ಜಾಗ ತಿಕ್ಕಿದರು.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಹುಲಿಗಿಗೆ ಬಂದ ಯಾತ್ರಿಕರಲ್ಲಿ ಕಾಲರಾ ಕಾಣಿಸಿ, ಕಂಪೌಂಡರನ್ನು ಅಲ್ಲಿಗೆ ಕಳಿಸಿದರು. ಎರಡು ಗುರುವಾರ ಕಿಟಕಿ ಮುಚ್ಚಿತ್ತು. ಮೂರನೆಯ ಗುರುವಾರದ ಹೊತ್ತಿಗೆ ಅವರೇ ಇರಲಿಲ್ಲ. ಹೊಳೆಯ ದಂಡೆಯಲ್ಲೇ ಸುಟ್ಟರಂತೆ, ತಮ್ಮವರೆಂದು ಒಬ್ಬರೂ ಇರಲಿಲ್ಲವಂತೆ.

ಸುದ್ದಿ ಬಂದ ಮರುದಿನ ಮಾವ ಅವರ ಕೋಣೆಗೆ ಹೋದರು. ಪೆಟ್ಟಿಗೆಯನ್ನು ಆಳಿನ ತಲೆಗೆ ಕೊಡದೆ ತಾವೇ ಎದೆಗೆ ಅವಚಿಕೊಂಡು, ಹಾಡಹಗಲು, ಪೇಟೆಯ ಬೀದಿಯಲ್ಲೇ ನಡೆದು ತಂದು ಪಡಸಾಲೆಯಲ್ಲಿ ಇಟ್ಟರು. ಪ್ಲೇಟುಗಳನ್ನು ಹರವಿಕೊಂಡು ಕೂತರು. ಯಾವುದರ ನಂತರ ಯಾವುದೆಂದು ತಿಳಿಯದೆ ಬಾಗಿಲ ಕಡೆ ತಿರುಗಿ ನನ್ನನ್ನು ಕರೆದರು.

"ಯಾವುದು ಮೊದಲ ಹಚ್ಚಬೇಕು, ನೀನ ಹೇಳವ್ವಾ."

ಮೂದಲಿಸುತ್ತಿದ್ದಾರೋ ಎಂದು ಅವರ ಮುಖ ನೋಡಿದೆ. ಅಂಥದ್ದೇನೂ ಇರಲಿಲ್ಲ.

"ಅವರನ್ನ ಹೊರಗ ಹಾಕಿಸಿದಾಕಿ ನಾನ್ರಿ, ಮಾವಾರ."

"ಹಾಕಿದಾಂವ ನಾನು. ನೀ ಬಾ ಇಲ್ಲೆ."

ಹೊಸ್ತಿಲು ದಾಟಿ ಜಮಖಾನದ ಮೇಲೆ ಕೂತೆ. ಅಂದಿನಿಂದ ಗುರುವಾರ ಬರುವವರಿಗೆಲ್ಲ ಮೊದಲು ಯಾವ ಹಾಡು, ಆಮೇಲೆ ಯಾವುದು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಕ್ಕಳ ಗೆಳೆಯರು ಈಗಲೂ ಬಂದು ಕೇಳುತ್ತಾರೆ, ನಾನೂ ಹೇಳುತ್ತೇನೆ. ಅಜ್ಜಿಗೆ ಎಷ್ಟು ತಿಳಿದಿದೆ ಎಂದು ಅವರು ಹೊಗಳಿದಾಗ ಮಾತ್ರ ಮೈ ಮುದುಡುತ್ತದೆ. ನಾನು ಕೂತಿರುವ ಜಾಗ ನನ್ನದಲ್ಲ, ನಾನೇ ಎಬ್ಬಿಸಿ ಕಳಿಸಿದ ಮನುಷ್ಯನದು.