ಚಪ್ಪಲಿ ಮೆಟ್ಟಿದ ಮೇಲೆ ಬರುವ ಮಾತು

ಮದುವೆಯಾದಾಗ ನಿಂತುಹೋಗಿದ್ದ ಬಿ.ಎ.ಯನ್ನು ನಲವತ್ತೆರಡನೆಯ ವಯಸ್ಸಿನಲ್ಲಿ ಮನೆಯಲ್ಲೇ ಓದಿ ಮುಗಿಸಲು ಹೊರಟಿದ್ದೆ. ಉಳಿದಿದ್ದು ರಾಜ್ಯಶಾಸ್ತ್ರದ ಒಂದು ಪತ್ರಿಕೆ. ಎರಡು ಸಲ ಫೇಲಾಗಿದ್ದೆ. ಮೂರನೆಯದೇ ಕೊನೆಯ ಅವಕಾಶ. ನನ್ನನ್ನು ಬೀಳಿಸುತ್ತಿದ್ದುದು ಒಂದೇ ಪ್ರಶ್ನೆ. ಹಳೆಯ ಕಾಲದ ರಾಜಕೀಯ ಬರಹವೊಂದನ್ನು ಕೊಟ್ಟು, ಇದರ ಮುಖ್ಯ ಆಶಯವೇನು ಎಂದು ಕೇಳುತ್ತಾರೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು, ವಿಷಯ ಮೊದಲ ಸಾಲಿನಲ್ಲೇ ಇರುತ್ತದೆ ಎಂದು. ನಾನು ಹಾಗೇ ಓದುತ್ತಿದ್ದೆ. ಅಂದು ಹಾಸನದ ನಮ್ಮ ಮನೆಯ ಊಟದ ಮೇಜಿನ ಮೇಲೆ ಇದ್ದದ್ದು, ರೈತರು ಮಹಾರಾಜರಿಗೆ ಬರೆದುಕೊಂಡ ಮನವಿ. ಪುಟದ ತುಂಬ ದೊರೆಯ ಹೊಗಳಿಕೆ, ಮಳೆಬೆಳೆ, ನಡುವೆ ಕಂದಾಯದ ಮಾತು. ‘ರಾಜಭಕ್ತಿ’ ಎಂದು ಬರೆದೆ. ಹೊಡೆದುಹಾಕಿ ‘ಕಂದಾಯದ ಕಷ್ಟ’ ಎಂದು ಬರೆದೆ. ಅದೂ ಮನಸ್ಸಿಗೆ ಒಪ್ಪಲಿಲ್ಲ.

ಅಷ್ಟರಲ್ಲಿ ಅರಕಲಗೂಡಿನಿಂದ ನಮ್ಮೆಜಮಾನರ ಸೋದರತ್ತೆ ಬಂದರು. ಎರಡು ಗಂಟೆ ಕೂತರು. ರಾಮನಾಥಪುರದ ಕಡೆ ಹೊಗೆಸೊಪ್ಪಿಗೆ ಈ ಸಲ ಬಣ್ಣ ಬಂದಿಲ್ಲ, ಹೊಳೆನರಸೀಪುರದ ಮೊಮ್ಮಗುವಿಗೆ ಎರಡು ಹಲ್ಲು ಬಂದಿವೆ, ನಮ್ಮ ಕರಿಬೇವಿನ ಗಿಡ ಸೊರಗಿದೆ. ನನಗೋ ಪುಸ್ತಕದ ಮೇಲೇ ಕಣ್ಣು. ಕೊನೆಗೆ ಎದ್ದರು. ಒಂದು ಕಾಲು ಚಪ್ಪಲಿಯೊಳಗಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು, ಕೈ ಗೇಟಿನ ಚಿಲಕದ ಮೇಲೆ.

“ಅಂಗೇ ಒಂದ್ ಮಾತು ಕಣವ್ವಾ. ನಮ್ಮಪ್ಪನ ಕಾಲದ ಸಾಲಗಾಮೆ ಗದ್ದೆ ನಿಮ್ಮೆಜಮಾನ್ರು ಮಾರ್ತಾವ್ರಂತೆ. ಮಾರ್ಲಿ, ನಂಗೇನೂ ಬ್ಯಾಡ. ನನ್ನೂ ಒಂದ್ ಮಾತು ಕೇಳ್ಬೌದಿತ್ತು.”

ಅವರು ಬಂದಿದ್ದೇ ಈ ಮಾತಿಗೆ. ನಮ್ಮ ಕಡೆಯವರು ಯಾವತ್ತೂ ಹೀಗೇ. ನಿಜವಾದ ವಿಷಯವನ್ನು ಚಪ್ಪಲಿ ಮೆಟ್ಟಿದ ಮೇಲೇ ತೆಗೆಯುವುದು. ಅದು ಹೊಳೆದದ್ದೇ ತಡ, ಮೇಜಿನ ಮೇಲಿನ ಪುಟ ನೆನಪಾಯಿತು. ಮನವಿ ಬರೆದ ರೈತರೂ ನಮ್ಮವರೇ ಅಲ್ಲವೇ!

ಅತ್ತೆಯನ್ನು ಆಟೋ ಹತ್ತಿಸಿ ಒಳಗೆ ಓಡಿದೆ. ಮನವಿಯ ಕೊನೆಯಲ್ಲಿ, ಸಹಿಗಳಿಗೆ ಸ್ವಲ್ಪ ಮೇಲೆ, ಸಂಕೋಚದಲ್ಲಿ ಸೇರಿಸಿದಂತೆ ಎರಡೇ ಸಾಲು: ಇನ್ನು ಮುಂದೆ ಕಂದಾಯ ಗೊತ್ತುಮಾಡುವ ಮುನ್ನ ಊರಿನವರನ್ನು ಕರೆದು ಕೇಳಬೇಕು. ರೈತರು ಕಂದಾಯ ಇಳಿಸಿ ಎನ್ನುತ್ತಿರಲಿಲ್ಲ, ನಮ್ಮನ್ನು ಕೇಳಿ ಎನ್ನುತ್ತಿದ್ದರು. ಕುಕ್ಕರ್ ಎಷ್ಟು ಸಲ ಕೂಗಿತೋ, ಬೇಳೆ ಗಂಜಿಯಾಯಿತು.

ಸಂಜೆ ಯಜಮಾನರು ಬಂದ ಕೂಡಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ತಡಿಯೇ, ಇದ್ರಲ್ಲಿ ಪರೀಕ್ಷೆದ್ಯಾವ್ದು, ಅತ್ತೇದ್ಯಾವ್ದು?”

“ಎರಡೂ ಒಂದೇರೀ,” ಎಂದೆ.

ಅವರು ಆಗಲೇ ಅರಕಲಗೂಡಿಗೆ ಫೋನ್ ಮಾಡಿದರು.

ಚನ್ನರಾಯಪಟ್ಟಣದಲ್ಲಿ ಪರೀಕ್ಷೆ. ಕೊಟ್ಟಿದ್ದು ಬೇರೆಯದೇ ಮನವಿ. ನಾನು ಮೊದಲು ಓದಿದ್ದು ಅದರ ಕೊನೆಯ ಸಾಲುಗಳನ್ನು.

ಪಾಸಾದೆ! ಮೊದಲು ಅತ್ತೆಗೇ ಫೋನ್ ಮಾಡಿ ತಿಳಿಸಿದೆ. “ಗಟ್ಟಿಗಿತ್ತಿ ಕಣವ್ವಾ ನೀನು,” ಎಂದವರು ಅವರೆಕಾಯಿಯ ಮಾತಿಗೆ ಹೋದರು, ಅಲ್ಲಿಂದ ಮೊಮ್ಮಗುವಿನ ಮೂರನೆಯ ಹಲ್ಲಿಗೆ. “ಸರಿ, ಇಡ್ತೀನಿ,” ಎಂದರು. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

“ಅಂಗೇ ಒಂದ್ ಮಾತು ಕಣವ್ವಾ…”