ಗುಟ್ಟಿನ ಪುಡಿ ಬಿಟ್ಟು ಮೂಡುಬಿದಿರೆಗೆ

ವಾಮದಪದವಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ತೊಂಬತ್ತರ ದಶಕದ ಕೊನೆಗೆ ನನ್ನ ಬೆರಳ ಗಂಟುಗಳು ಬಾತುಕೊಂಡು, ಬೆಳಿಗ್ಗೆ ಕತ್ತರಿ ಹಿಡಿಯುವುದೇ ಆಗುತ್ತಿರಲಿಲ್ಲ. ಬಂಟ್ವಾಳದ ಡಾಕ್ಟರರು, ಇದು ಸಂಧಿವಾತ, ತುಂಬ ಕಾಲ ಮಾತ್ರೆ ತೆಗೆದುಕೊಳ್ಳಬೇಕು ಎಂದರು. ಆ 'ತುಂಬ ಕಾಲ' ನನಗೆ ರುಚಿಸಲಿಲ್ಲ.

ಅಷ್ಟರಲ್ಲಿ, ಬೆಳ್ತಂಗಡಿಯ ಲಾಡ್ಜೊಂದರಲ್ಲಿ ವಾರಕ್ಕೊಮ್ಮೆ ಕೂರುವ ಒಬ್ಬನ ಸುದ್ದಿ ಬಂತು. ನಾಡಿ ಹಿಡಿದೇ ಎಲ್ಲ ಹೇಳುತ್ತಾನಂತೆ. ಹೋದೆ. ಅವನು ಮಣಿಕಟ್ಟು ಮುಟ್ಟಿ, ಹೆಸರಿಲ್ಲದ ಪುಡಿಯ ಪೊಟ್ಟಣವೊಂದನ್ನು ಕೈಗಿಟ್ಟ.

"ಬೇರು ಸಮೇತ ಹೋಗ್ತದೆ. ಡಾಕ್ಟರ ಮಾತ್ರೆ ಇವತ್ತೇ ನಿಲ್ಲಿಸಿ."

ನಿಲ್ಲಿಸಿದೆ. ವಾರದೊಳಗೆ ನೋವು ಮಾಯ. ಸಿಕ್ಕಸಿಕ್ಕವರೊಡನೆ ಅವನನ್ನು ಹೊಗಳಿದೆ. ಕೆಲವು ತಿಂಗಳು ಕಳೆದಾಗ ನನ್ನದೇ ರವಕೆ ನನಗೆ ಬಿಗಿಯಾಯಿತು, ಕೆನ್ನೆ ಉಬ್ಬಿತು. ನಾದಿನಿ ನನ್ನ ಮುಖ ನೋಡಿ, "ನೀನು ದಪ್ಪ ಆದದ್ದಲ್ಲ ಮಾರಾಯ್ತಿ, ಬಾತದ್ದು" ಎಂದಳು. ಅವಳೇ ನನ್ನನ್ನು ಮೂಡುಬಿದಿರೆಯ ಆಯುರ್ವೇದ ವೈದ್ಯೆಯ ಬಳಿಗೆ ಕರೆದೊಯ್ದಳು.

ವೈದ್ಯೆ ನನ್ನ ಹಳೆಯ ರಕ್ತಪರೀಕ್ಷೆಯ ಚೀಟಿಯಿಂದ ಹಿಡಿದು ನಿದ್ದೆ, ಊಟದವರೆಗೆ ಎಲ್ಲ ವಿಚಾರಿಸಿದರು. ಪೊಟ್ಟಣವನ್ನು ಮೂಸಿ ಬದಿಗಿಟ್ಟರು.

"ಇದರಲ್ಲಿ ಏನುಂಟು ಅಂತ ನನಗೆ ಗೊತ್ತಿಲ್ಲ. ಸ್ಟೀರಾಯ್ಡ್ ಬೆರೆಸಿರಬಹುದು, ಮುಖ ಬಾತದ್ದು ಅದರಿಂದಲೇ ಇರಬೇಕು. ಆದ್ರೆ ನೀವಾಗಿ ತಟ್ಟನೆ ನಿಲ್ಲಿಸಬೇಡಿ, ಅದು ಜೀವಕ್ಕೇ ಅಪಾಯ. ನಾಳೆಯೇ ನಿಮ್ಮ ಡಾಕ್ಟರಿಗೆ ತೋರಿಸಿ, ಇದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವ ಕೆಲಸ ಅವರದ್ದು."

"ನಿಮ್ಮ ಮದ್ದು?"

"ಆಮೇಲೆ ಬನ್ನಿ. ಎಣ್ಣೆ, ಶಾಖ, ಬೆರಳಿನ ವ್ಯಾಯಾಮ ಹೇಳಿಕೊಡ್ತೇನೆ. ಪೂರ್ತಿ ಗುಣ ಮಾಡ್ತೇನೆ ಅಂತ ಹೇಳುವುದಿಲ್ಲ. ಡಾಕ್ಟರ ಮಾತ್ರೆ ಬಿಡ್ಲಿಕ್ಕಿಲ್ಲ."

ಇಷ್ಟು ದೂರ ಬಂದು ಬರಿಗೈಯಲ್ಲಿ ಹೊರಟೆನಲ್ಲ ಎಂದು ಬಸ್ಸಿನಲ್ಲಿ ಗೊಣಗಿದೆ. "ನನಗೆ ಅವರು ಹಿಡಿಸಿದ್ರು," ಎಂದಳು ನಾದಿನಿ, "ತನ್ನ ಹತ್ರ ಇಲ್ಲದ್ದನ್ನು ಮಾರ್ಲಿಕ್ಕೆ ನೋಡ್ಲಿಲ್ಲ."

ಬಂಟ್ವಾಳದ ಡಾಕ್ಟರರು ಬೈದರು, ಪರೀಕ್ಷೆ ಮಾಡಿಸಿದರು, ನಿಧಾನವಾಗಿ ಆ ಪುಡಿಯಿಂದ ಬಿಡಿಸಿ ಮೊದಲಿನ ಮಾತ್ರೆಗೆ ತಂದರು. ನಡುವೆ ನೋವು ಮರಳಿ, ಅತ್ತದ್ದೂ ಉಂಟು. ಮೂಡುಬಿದಿರೆಯ ಎಣ್ಣೆ, ಶಾಖ ಜೊತೆಗೇ ನಡೆಯಿತು. ಡಾಕ್ಟರರು ಕೊಡುವುದು ವೈದ್ಯೆಗೆ, ವೈದ್ಯೆ ಕೊಡುವುದು ಡಾಕ್ಟರರಿಗೆ ಗೊತ್ತಿತ್ತು. ಮರುವರ್ಷ ನಾದಿನಿಯ ಮಗಳ ಮದುವೆಗೆ ರವಕೆ ಹೊಲಿದೆ. ಕೊಕ್ಕೆಗಳನ್ನೂ ಕೈಯಲ್ಲೇ ಹಾಕಿದೆ. ಮದುವೆ ಚಪ್ಪರದಲ್ಲಿ ಯಾರೋ "ಎಲ್ಲಿ ಹೊಲಿಸಿದ್ದು?" ಎಂದು ಕೇಳಿದಾಗ ನನಗೆ ಊಟವೇ ಬೇಡವಾಗಿತ್ತು, ಅಷ್ಟು ಖುಷಿಯಲ್ಲಿ ತುಂಬಿಹೋಗಿದ್ದೆ.

ಆಮೇಲೆ ಊರ ಹೆಂಗಸರು ಹೊಸ ವೈದ್ಯರಲ್ಲಿಗೆ ಹೋಗುವಾಗ ನನ್ನನ್ನೂ ಕರೆಯತೊಡಗಿದರು. ಒಮ್ಮೆ ನಾರಾವಿಯಲ್ಲಿ ಸಕ್ಕರೆ ಕಾಯಿಲೆ ಓಡಿಸುವವನೊಬ್ಬ ಬಂದಿದ್ದ. ಇನ್ಸುಲಿನ್ ಬಿಡಿ ಎಂದು ಅವನು ನೆರೆಮನೆಯವಳಿಗೆ ಹೇಳಿದಾಗ, ಅವಳ ಪರವಾಗಿ ನಾನೇ ಕೇಳಿದೆ: "ಎಲ್ಲಿ ಕಲಿತದ್ದು? ಇದರಿಂದ ತೊಂದರೆ ಆದ್ರೆ ಏನು ಮಾಡುವುದು? ಇನ್ಸುಲಿನ್ ಬಿಡ್ಲಿಕ್ಕೆ ಯಾಕೆ ಹೇಳ್ತೀರಿ?"

"ನಂಬಿಕೆ ಇಲ್ಲದವರಿಗೆ ಮದ್ದು ಹಿಡಿಯುವುದಿಲ್ಲ," ಎಂದ.

"ಹಾಗಾದ್ರೆ ನಾವು ಹೋಗುವ," ಎಂದು ನೆರೆಯವಳ ಕೈ ಹಿಡಿದು ಎದ್ದೆ. ನಮ್ಮ ಹಿಂದೆ ಸಾಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಚಪ್ಪಲಿ ಹುಡುಕತೊಡಗಿದರು.